‘ಜವಾರಿ’ಯ ಬೆಲೆ ಕಟ್ಟುವವರು ಯಾರು?

ನಮ್ಮ ಭಾಗದ ಎರಡು ಭಾಷೆಗಳಲ್ಲಿ ‘ಜವಾರಿ’ ಎಂಬ ಒಂದೇ ಮಾತು ಎರಡು ಅರ್ಥದಲ್ಲಿ ಓಡಾಡುತ್ತದೆ. ಕಲಬುರಗಿಯ ಗಾಜಿಪುರದಂಥ ಬಡಾವಣೆಯ ದಖ್ಖನಿ ಮಾತಾಡುವ ಮನೆಗಳಲ್ಲಿ ಜವಾರಿ ಎಂದರೆ ಜೋಳ. ಪಕ್ಕದ ಮನೆಯ ಕನ್ನಡದಲ್ಲಿ ಜವಾರಿ ಎಂದರೆ ಈ ನೆಲದ್ದು, ನಾಟಿ. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಆಕಳು. ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನನ್ನಂಥವರಿಗೆ ಈ ಎರಡು ಅರ್ಥಗಳ ನಡುವೆ ಜಗಳವಿದೆ ಎಂದು ಯಾವತ್ತೂ ಅನ್ನಿಸಿಲ್ಲ. ಈ ಕಡೆ ‘ನಮ್ಮ ನೆಲದ್ದು’ ಎಂದರೆ ಮೊದಲಿಗೆ ಜೋಳವೇ ತಾನೆ?

ಈಗ ಅದೇ ಜವಾರಿಗೆ ಹೊಸ ಹೆಸರುಗಳು ಬಂದಿವೆ. ಸ್ಥಳೀಯ ಆಹಾರ, ಸಾವಯವ, ಸಿರಿಧಾನ್ಯ, ಕುಶಲಕರ್ಮಿಗಳ ಉತ್ಪನ್ನ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲಂತೂ ಮೇಳಗಳು, ಪಾಕಸ್ಪರ್ಧೆಗಳು, ಅಂಕಣಗಳು ಸಾಲುಗಟ್ಟಿದವು. ಸ್ಥಳೀಯ ರೈತರಿಂದ ಕೊಳ್ಳಿ, ಸ್ಥಳೀಯರು ಮಾಡಿದ್ದನ್ನು ತಿನ್ನಿ ಎಂಬ ಕರೆ ಎಲ್ಲ ಕಡೆಯಿಂದ ಕೇಳಿಬರುತ್ತಿದೆ. ಕರೆ ಒಳ್ಳೆಯದೇ. ಆದರೆ ಈ ಬಗೆಯ ಬರಹ ಮತ್ತು ಭಾಷಣಗಳನ್ನು ಕೊಂಚ ಗಮನವಿಟ್ಟು ಓದಿದರೆ ಒಂದು ಕೊರತೆ ಕಾಣುತ್ತದೆ. ಅಲ್ಲಿ ರುಚಿಯ ಮಾತಿದೆ, ಆರೋಗ್ಯದ ಮಾತಿದೆ, ಪರಂಪರೆಯ ಮಾತಂತೂ ಬೇಕಾದಷ್ಟಿದೆ. ಬೆಳೆದವನ ಕೈಗೆ, ಬಡಿದವಳ ಕೈಗೆ ಎಷ್ಟು ಬಂತು ಎಂಬ ಮಾತು ಮಾತ್ರ ಇಲ್ಲ. ಪದಾರ್ಥ ಎಲ್ಲಿ ಹುಟ್ಟಿತು ಎಂದು ಕೇಳುವವರು ಅದರ ಬೆಲೆ ಎಲ್ಲಿ ಹುಟ್ಟಿತು ಎಂದು ಕೇಳುವುದಿಲ್ಲ. ನನ್ನ ತಕರಾರು ಇಷ್ಟೇ. ಅದನ್ನು ನಮ್ಮದೇ ಜಿಲ್ಲೆಯ ಮೂರು ಪದಾರ್ಥಗಳ ಮೂಲಕ ನೋಡೋಣ.

ಮೊದಲನೆಯದು ತೊಗರಿ. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತಾರೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿಯ ಸುಣ್ಣದ ಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ಕರೆತಂದಂತೆ, ಮೇಲಿನ ಕಪ್ಪು ಮಣ್ಣು ನಮ್ಮ ಬೇಳೆಗೆ ಅದರ ರುಚಿಯನ್ನು ಕೊಟ್ಟಿದೆ. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಊರಿಗೆ ಅದು ಹೆಮ್ಮೆಯ ಸಂಗತಿ. ಆದರೆ ಈ ಟ್ಯಾಗ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಳ್ಳಬೇಕು. 1999ರ ಕಾಯ್ದೆ ಕಾಪಾಡುವುದು ಹೆಸರನ್ನು. ಬೇರೆ ಊರಿನ ಬೇಳೆಯನ್ನು ಈ ಹೆಸರಿನಲ್ಲಿ ಮಾರಬಾರದು ಎನ್ನುತ್ತದೆ. ಹೆಸರನ್ನು ಬಳಸಬೇಕಾದವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ರೈತನಿಗೆ ಇಷ್ಟು ಬೆಲೆ ಕೊಡಬೇಕು ಎಂದು ಅದು ಎಲ್ಲಿಯೂ ಹೇಳುವುದಿಲ್ಲ.

ಹೆಸರು ಬಂದಿರುವುದು ಬೇಳೆಗೆ. ರೈತ ಮಾರುವುದು ಬೇಳೆಯನ್ನಲ್ಲ, ಇಡಿ ತೊಗರಿಯನ್ನು. ಜೂನ್-ಜುಲೈನಲ್ಲಿ ಬಿತ್ತಿ, ಡಿಸೆಂಬರ್-ಜನವರಿಯಲ್ಲಿ ಕೊಯ್ದು, ರಾಶಿ ಮಾಡಿ ಚೀಲ ತುಂಬಿಕೊಂಡು ಆತ ನೆಹರು ಗಂಜಿಗೆ ಬರುತ್ತಾನೆ. ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ ಮುಂಗಡ ಕೊಟ್ಟ ಅಡತಿಯ ಅಂಗಡಿಯಲ್ಲೇ ಆ ಚೀಲ ಇಳಿಯುತ್ತದೆ. ಅಲ್ಲಿಂದ ತೊಗರಿ ದಾಲ್‌ಮಿಲ್ಲಿಗೆ ಹೋಗುತ್ತದೆ. ನೂರು ಕಿಲೋ ತೊಗರಿಗೆ ಸುಮಾರು ಎಪ್ಪತ್ತು ಕಿಲೋ ಬೇಳೆ. ಉಳಿದ ಹೊಟ್ಟು, ನುಚ್ಚು ದನದ ಮೇವಿಗೆ. ಹಿಂದೆ ತೊಗರಿಯನ್ನು ನೆನೆಹಾಕಿ, ಕೆಮ್ಮಣ್ಣು ಸವರಿ, ಒಣಗಿಸಿ ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದ ಹೆಂಗಸರು ಮಾಡುತ್ತಿದ್ದ ಕೆಲಸವೇ ಇದು. ತೊಗರಿ ಬೇಳೆಯಾಗುವ ಈ ಹಾದಿಯಲ್ಲಿ ಬೆಲೆ ಕೂಡುತ್ತ ಹೋಗುತ್ತದೆ. ಆದರೆ ರೈತ ಹಾದಿಯ ಮೊದಲ ತಿರುವಿನಲ್ಲೇ ಇಳಿದುಬಿಟ್ಟಿರುತ್ತಾನೆ. ಪೊಟ್ಟಣದ ಮೇಲಿನ ಟ್ಯಾಗ್ ಹಾದಿಯ ಕೊನೆಯಲ್ಲಿ ಅಂಟಿಕೊಳ್ಳುತ್ತದೆ.

ಕಳೆದ ಕೆಲವು ವರ್ಷಗಳನ್ನೇ ನೋಡಿ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. 2024ರ ಮಧ್ಯದಲ್ಲಿ ದೇಶದ ಪೇಟೆಗಳಲ್ಲಿ ಬೇಳೆ ಕಿಲೋಗೆ 160 ರೂಪಾಯಿಯ ಆಸುಪಾಸು ತಲುಪಿದಾಗ ಕೇಂದ್ರ ಸರ್ಕಾರ ದಾಸ್ತಾನಿಗೆ ಮಿತಿ ಹೇರಿತು. ತೊಗರಿಯ ಆಮದಿಗೆ 2021ರಲ್ಲೇ ಬಾಗಿಲು ತೆರೆದಿತ್ತು. ಸುಂಕವಿಲ್ಲದ ಆಮದಿನ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ 2026ರ ಮಾರ್ಚ್‌ವರೆಗೂ ಒಯ್ದರು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳ ತೊಗರಿ ಹಡಗಿನಲ್ಲಿ ಬಂತು. 2025ರ ಆರಂಭದಲ್ಲಿ ನಮ್ಮ ರೈತ ರಾಶಿ ಮಾಡುವ ಹೊತ್ತಿಗೆ ಪೇಟೆಯ ದರ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ರಾಜ್ಯ ಸರ್ಕಾರ ಕ್ವಿಂಟಲಿಗೆ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ 8,000 ಮಾಡಬೇಕಾಯಿತು. ಬೇಳೆ ತುಟ್ಟಿಯಾದಾಗ ಕೊಳ್ಳುವವರ ಕೂಗು ದಿಲ್ಲಿಗೆ ಬೇಗ ಮುಟ್ಟುತ್ತದೆ. ತೊಗರಿ ಅಗ್ಗವಾದಾಗ ಬೆಳೆದವನ ಕೂಗು ಗಂಜಿನ ಗೇಟಿನಲ್ಲೇ ನಿಲ್ಲುತ್ತದೆ. ಗಾಜಿಪುರದ ಅಡುಗೆಮನೆಯಲ್ಲಿ ಖಟ್ಟೀ ದಾಲ್ ಕುದಿಯುವಾಗ ಆ ಬೇಳೆ ಜೇವರ್ಗಿಯದೋ ಮೊಜಾಂಬಿಕ್‌ನದೋ ಎಂದು ಹೇಳಬಲ್ಲವರು ಎಷ್ಟು ಜನ? ತೊಗರಿಯ ಕಣಜದಲ್ಲಿ ಕೂತವರ ಸ್ಥಿತಿಯೇ ಹೀಗಿದ್ದರೆ ಬೆಂಗಳೂರಿನವರ ಮಾತು ಬೇಡ.

ಡಿಸೆಂಬರ್ ಹೊತ್ತಿಗೆ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಬುಟ್ಟಿಗಳಲ್ಲಿ, ಬಂಡಿಗಳಲ್ಲಿ ಬರುತ್ತದೆ. ಹೊಲದಿಂದ ಹೆಚ್ಚು ಕೈ ದಾಟದೆ ತಿನ್ನುವವರ ಬಾಯಿಗೆ ಸಿಗುವ ತೊಗರಿ ಅದೊಂದೇ ಇರಬೇಕು. ಅದಕ್ಕೆ ಟ್ಯಾಗ್ ಇಲ್ಲ, ಪೊಟ್ಟಣವೂ ಇಲ್ಲ.

ಎರಡನೆಯದು ಕಮಲಾಪುರದ ಕೆಂಬಾಳೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಅಲ್ಲಿನ ಕೆಂಪು ಸಿಪ್ಪೆಯ ಬಾಳೆಗೂ ಜಿಐ ಗುರುತು ಇದೆ, ತೊಗರಿಗಿಂತ ಮುಂಚೆಯೇ ಬಂದದ್ದು. ಇದು ಸಾಮಾನ್ಯ ಬಾಳೆಯಂತಲ್ಲ. ನೆಟ್ಟು ಗೊನೆ ಕಡಿಯಲು ಒಂದೂವರೆ ವರ್ಷದ ಹತ್ತಿರ ಕಾಯಬೇಕು. ಗಿಡ ಎತ್ತರ, ಗಾಳಿಗೆ ಬೀಳುವ ಭಯ. ಅಷ್ಟು ದಿನ ನೀರು, ಗೊಬ್ಬರ, ಕಾವಲು. ಹೀಗಾಗಿ ಹಣ್ಣು ತುಟ್ಟಿ. ಜನ ಅದನ್ನು ಶ್ರೀಮಂತರ ಹಣ್ಣು ಎಂದೇ ಕರೆಯುತ್ತಾರೆ. ಬೆಳೆಯುವವರ ಸಂಖ್ಯೆ ಸಣ್ಣದು. ಹೆಸರನ್ನು ಕಾನೂನು ಕಾಯುತ್ತಿದೆ ಸರಿ, ತೋಟವನ್ನು ಕಾಯುವವರು ಯಾರು? ಒಂದೂವರೆ ವರ್ಷ ಕಾಯುವ ರೈತನಿಗೆ ಆ ಕಾಯುವಿಕೆಯ ಸಾಲ ಕೊಡುವವರು ಬೇಕು, ಗಾಳಿಗೆ ಬಿದ್ದರೆ ವಿಮೆ ಬೇಕು, ಹಣ್ಣನ್ನು ಅದರ ಹೆಸರಿನಲ್ಲೇ ಕೇಳಿ ಕೊಳ್ಳುವ ಗಿರಾಕಿ ಬೇಕು. ಇವು ಇಲ್ಲದಿದ್ದರೆ ಗುರುತು ಎಂಬುದು ಕಣ್ಮರೆಯಾಗುತ್ತಿರುವ ವಸ್ತುವಿಗೆ ನಾವು ಮೊದಲೇ ಬರೆದಿಟ್ಟ ಶ್ರದ್ಧಾಂಜಲಿಯಾದೀತು.

ಮೂರನೆಯದು ರೊಟ್ಟಿ. ಇಲ್ಲಿ ಸ್ವಲ್ಪ ಸಮಾಧಾನದ ಸುದ್ದಿ ಇದೆ. ಜಿಲ್ಲಾಧಿಕಾರಿ ಫೌಜಿಯಾ ತರನ್ನುಮ್ ಅವರ ಅವಧಿಯಲ್ಲಿ ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಗುಂಪುಗಳನ್ನು ಒಗ್ಗೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಬ್ರಾಂಡ್ ಕಟ್ಟಿತು. 2025ರ ಜೂನ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಇದನ್ನು ಪ್ರಸ್ತಾಪಿಸಿ, ಈ ಹೆಂಗಸರು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆ ಎಂದರು. ತೊಗರಿಯ ಟ್ಯಾಗಿಗೂ ಈ ಬ್ರಾಂಡಿಗೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಅಲ್ಲಿ ಹೆಸರು ಮಣ್ಣಿಗೆ ಬಂತು, ಇಲ್ಲಿ ಹೆಸರು ಕೈಗೆ ಬಂತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿವ ನೀರು ಹಾಕಿ ನಾದಬೇಕು, ಹರಿಯದಂತೆ ಅಂಗೈಯಲ್ಲಿ ಬಡಿಯಬೇಕು, ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಒಲೆಯ ಮುಂದೆ ಕೂತು ದಿನವಿಡೀ ಮಾಡುವ ಈ ಕೆಲಸವನ್ನು ‘ಕೈರುಚಿ’ ಎಂದು ಹೊಗಳಿ ಮುಗಿಸುತ್ತಿದ್ದೆವು. ಈಗ ಅದಕ್ಕೆ ಲೆಕ್ಕದ ಪುಸ್ತಕ ಬಂದಿದೆ.

ಆದರೂ ಕೇಳಬೇಕಾದ ಪ್ರಶ್ನೆಗಳು ಉಳಿದಿವೆ. ಗುಂಪಿಗೆ ಸೇರದ, ಓಣಿಯ ಮೂಲೆಯಲ್ಲಿ ಒಬ್ಬಳೇ ರೊಟ್ಟಿ ಬಡಿದು ಮಾರುವ ಹೆಂಗಸಿನ ಗತಿ ಏನು? ಒಂದೇ ಅಳತೆ, ಒಂದೇ ತೂಕ ಕೇಳುವ ದೂರದ ಗಿರಾಕಿಗಾಗಿ ಅಂಗೈಯ ಜಾಗಕ್ಕೆ ಯಂತ್ರ ಬಂದರೆ ಬ್ರಾಂಡ್ ಯಾರದಾಗಿ ಉಳಿಯುತ್ತದೆ? ಇನ್ನೂ ಮುಖ್ಯವಾದದ್ದು, ರೊಟ್ಟಿಗೆ ಹೆಸರು ಬಂದರೂ ಜೋಳ ಬೆಳೆಯುವವನಿಗೆ ಏನು ಬಂತು? ಹಿಂಗಾರಿ ಮಾಲದಂಡಿ ಜೋಳವನ್ನು ಕೈಯಿಂದ ಬುಡಸಮೇತ ಕಿತ್ತು ರಾಶಿ ಮಾಡಬೇಕು. ಆಳಿನ ಖರ್ಚು ಹೆಚ್ಚು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿ ಕಣಕಿಗೂ ಹಿಂದಿನ ಬೇಡಿಕೆ ಇಲ್ಲ. 2025-26ಕ್ಕೆ ಮಾಲದಂಡಿಯ ಬೆಂಬಲ ಬೆಲೆ 3,749 ರೂಪಾಯಿ, ತೊಗರಿಯದು 8,000. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ರೈತ ಜೋಳದ ಹೊಲವನ್ನು ಏಕೆ ಕಡಿಮೆ ಮಾಡುತ್ತಾನೆ ಎಂದು ಕೇಳಲು ಪಂಡಿತರು ಬೇಕಿಲ್ಲ.

ಕುಸುಬಿ ಎಣ್ಣೆಯ ಕಥೆಯೂ ಇದೇ ದಾರಿಯದು. ಈ ಭಾಗದ ಮನೆಗಳಲ್ಲಿ ಅಡುಗೆಯ ಎಣ್ಣೆ ಎಂದರೆ ಕುಸುಬಿಯದು. ಗಾಣಿಗರು, ನಮ್ಮವರು ತೇಲಿ ಎಂದು ಕರೆಯುವವರು, ಗಾಣದಲ್ಲಿ ತೆಗೆದುಕೊಡುತ್ತಿದ್ದರು. 1990ರ ದಶಕದ ನಡುವಿನಿಂದ ತಾಳೆ ಎಣ್ಣೆಯ ಆಮದು ಸಡಿಲವಾಗಿ ಅಗ್ಗದ ಎಣ್ಣೆ ಮನೆಮನೆಗೆ ಬಂತು. ಗಾಣಗಳು ಒಂದೊಂದಾಗಿ ನಿಂತವು. ಈಗ ಗಾಣದೆಣ್ಣೆ ಗಾಜಿನ ಬಾಟಲಿಯಲ್ಲಿ, ಎರಡು ಮೂರು ಪಟ್ಟು ಬೆಲೆಗೆ ಮರಳಿ ಬಂದಿದೆ. ಗಾಣ ಮರಳಿತು, ಗಾಣಿಗ ಮರಳಲಿಲ್ಲ. ಯಂತ್ರದ ಗಾಣವನ್ನು ನಡೆಸಲು ಬಂಡವಾಳ ಇದ್ದರೆ ಸಾಕು, ಕಸುಬಿನ ಮನೆತನ ಬೇಕಿಲ್ಲ.

ಕಥೆ ಬರೆಯುವವನಾದ್ದರಿಂದ ನಮ್ಮ ಸಾಹಿತ್ಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಊಟದ ಬಗ್ಗೆ ಇತ್ತೀಚೆಗೆ ಬರುವ ಬರಹಗಳಲ್ಲಿ ಬಹುಪಾಲು ನೆನಪಿನ ಹಂಬಲದವು. ಅಜ್ಜಿಯ ಒಲೆ, ಅಮ್ಮಿಯ ತಹರಿ, ಈದ್‌ನ ಶೀರ್ ಖುರ್ಮಾ. ಹಾಲಿನ ದರ, ಸಕ್ಕರೆಯ ಸಾಲ, ಅಮ್ಮಿ ಉಣ್ಣದೆ ಎದ್ದ ರಾತ್ರಿಗಳು ಅಲ್ಲಿ ಬರುವುದಿಲ್ಲ. ದೊಡ್ಡ ಬರಹಗಾರರು ಹಾಗೆ ಮಾಡಲಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ರಾತ್ರಿ ಕೂತು ಕಡಲೆಕಾಯಿ ತಿನ್ನುವುದನ್ನು ಓದುವಾಗ ಆ ಕಡಲೆಕಾಯಿ ಯಾರ ಗೋದಾಮಿನದು ಎಂಬುದನ್ನು ಮರೆಯಲು ಕಥೆ ನಮ್ಮನ್ನು ಬಿಡುವುದಿಲ್ಲ. ಪ್ರೇಮಚಂದರ ‘ಈದ್‌ಗಾಹ್’ನಲ್ಲಿ ಹಾಮಿದ್‌ನ ಜೇಬಿನಲ್ಲಿ ಇರುವುದು ಮೂರೇ ಪೈಸೆ. ಜೊತೆಯ ಹುಡುಗರು ಮಿಠಾಯಿ, ಮಣ್ಣಿನ ಗೊಂಬೆ ಕೊಂಡರೆ ಅವನು ರೊಟ್ಟಿ ಮಾಡುವಾಗ ಅಜ್ಜಿಯ ಬೆರಳು ಸುಡುವುದನ್ನು ನೆನೆದು ಚಿಮಟಾ ಕೊಳ್ಳುತ್ತಾನೆ. ಅಂಗಡಿಯವನು ಆರು ಪೈಸೆ ಎಂದದ್ದು, ಹುಡುಗ ಮೂರಕ್ಕೆ ಕೇಳಿದ್ದು, ಎಲ್ಲವೂ ಕಥೆಯಲ್ಲಿದೆ. ರೊಟ್ಟಿಯನ್ನು ಪ್ರೀತಿಸುವುದು ಎಂದರೆ ರೊಟ್ಟಿ ಮಾಡುವ ಕೈಯನ್ನು ನೋಡುವುದು ಎಂದು ಆ ಮಗುವಿಗೆ ಗೊತ್ತಿತ್ತು. ಅವನು ಚೌಕಾಸಿ ಮಾಡಿದ್ದು ಹೌದು. ಆದರೆ ಅವನ ಬಳಿ ಇದ್ದದ್ದೇ ಮೂರು ಪೈಸೆ.

ನಮ್ಮ ಚೌಕಾಸಿ ಬೇರೆ ತರಹದ್ದು. ಬೆಳಿಗ್ಗೆ ಸುತ್ತಲಿನ ಹಳ್ಳಿಯಿಂದ ಬುಟ್ಟಿ ಹೊತ್ತು ಬರುವ ಹೆಂಗಸಿನ ಹತ್ತಿರ ಪುಂಡಿಪಲ್ಯ ಇರುತ್ತದೆ. ದಖ್ಖನಿಯಲ್ಲಿ ಅದೇ ಅಂಬಾಡಿ ಭಾಜಿ.

“ಕಟ್ಟು ಎಷ್ಟಕ್ಕ ಯವ್ವಾ?”

“ಹತ್ತಕ್ಕ ಎರಡು, ಅಮ್ಮಾ.”

“ಮೂರು ಹಾಕು. ನಿನ್ನೆ ಬಂದಾಕಿ ನಾಕು ಕೊಟ್ಟಾಳ.”

“ಬಂದ ಖರ್ಚಾದ್ರೂ ಬರ್ಲಿ ಬಿಡ್ರೆಮ್ಮಾ.”

ಇಂಥ ಮಾತುಕತೆ ನಮ್ಮ ಯಾವ ಓಣಿಗೂ ಹೊಸದಲ್ಲ. ಅದೇ ಸಂಜೆ ನಾವು ಹವಾನಿಯಂತ್ರಿತ ಅಂಗಡಿಗೆ ಹೋಗಿ ಪೊಟ್ಟಣದ ಮೇಲೆ ಮುದ್ರಿಸಿದ ಬೆಲೆಯನ್ನು ಬಾಯಿ ತೆರೆಯದೆ ಕೊಟ್ಟು ಬರುತ್ತೇವೆ. ಮುದ್ರಿಸಿದ ಬೆಲೆಗೆ ಮರ್ಯಾದೆ, ಬಾಯಲ್ಲಿ ಹೇಳಿದ ಬೆಲೆಗೆ ಅನುಮಾನ. ಸ್ಥಳೀಯ ಆಹಾರದ ಚಳವಳಿಗೆ ಬೇಕಾದ ಮೊದಲ ತಿದ್ದುಪಡಿ ಇಲ್ಲಿದೆ. ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.

ಈ ವಿಷಯದಲ್ಲಿ ನಮ್ಮ ಪರಂಪರೆಗಳು ಬಡವಾಗಿಲ್ಲ. ಸರಕು ಹೊತ್ತು ಬರುವ ತಂಡವನ್ನು ಊರ ಹೊರಗೇ ಎದುರುಗೊಂಡು ಕೊಳ್ಳಬಾರದು ಎಂದು ಪ್ರವಾದಿ ಮುಹಮ್ಮದ್(ಸ) ತಡೆದರೆಂದು ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿದೆ. ಕಾರಣ ಸರಳ. ಹಳ್ಳಿಯಿಂದ ಬರುವವನಿಗೆ ಪೇಟೆಯ ದರ ಇನ್ನೂ ಗೊತ್ತಿರುವುದಿಲ್ಲ. ಹಾಗೆ ಕೊಂಡಿದ್ದರೆ, ಪೇಟೆ ಮುಟ್ಟಿದ ಮೇಲೆ ವ್ಯಾಪಾರ ಮುರಿಯುವ ಹಕ್ಕು ಮಾರಿದವನಿಗೆ ಇದೆ. ಅಂದರೆ ಮಾರುವವನ ಅಜ್ಞಾನದಿಂದ ಲಾಭ ಮಾಡುವುದು ವ್ಯಾಪಾರವೇ ಅಲ್ಲ ಎಂದಾಯಿತು. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, ಸೂರಃ ಅಲ್-ಮುತಫ್ಫಿಫೀನ್. ಇತ್ತ ನಮ್ಮ ಊರಿನ ಶರಣಬಸವೇಶ್ವರರು ಅರಳಗುಂಡಗಿಯ ರೈತರು. ಹೊಲದ ಜೋಳವನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರು ಎಂಬ ಕಥೆಯಿಂದಲೇ ಜನ ಅವರನ್ನು ನೆನೆಯುತ್ತಾರೆ. ಅವರ ದಾಸೋಹ, ಬಂದೇ ನವಾಜರ ದರ್ಗಾದ ಲಂಗರ್, ಎರಡೂ ಈ ಊರಿಗೆ ಕಲಿಸಿದ್ದು ಒಂದೇ: ಅನ್ನಕ್ಕೆ ಹೆಸರು ಬರುವುದು ಹಂಚಿದಾಗ.

‘ಸ್ಥಳೀಯ’ ಎಂಬ ಮಾತಿಗೆ ಇನ್ನೊಂದು ಅಪಾಯವೂ ಇದೆ. 2022ರ ಬೇಸಿಗೆಯಲ್ಲಿ ರಾಜ್ಯದ ಹಲವೆಡೆ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಬೇಡಿ ಎಂಬ ಕೂಗೆದ್ದಿತು. ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಅಭಿಯಾನ ನಡೆಯಿತು. ಆ ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಆವರಣದಲ್ಲಿ ಒಬ್ಬ ಬಡ ಮುದುಕನ ಕಲ್ಲಂಗಡಿಗಳನ್ನು ಒಡೆದು ಚೆಲ್ಲಿದರು. ಆ ಹಣ್ಣು ಯಾವ ಧರ್ಮದ ಹೊಲದಲ್ಲಿ ಬೆಳೆದಿತ್ತು? ‘ನಮ್ಮವರಿಂದ ಕೊಳ್ಳಿ’ ಎಂಬ ಕರೆ ‘ನಮ್ಮವರಲ್ಲದವರಿಂದ ಕೊಳ್ಳಬೇಡಿ’ ಎಂದು ತಿರುಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಮ್ಮ ತಟ್ಟೆಯ ಒಂದು ರೊಟ್ಟಿಯನ್ನು ಹಿಂಬಾಲಿಸಿ ನೋಡಿ. ಹೊಲ ಲಿಂಗಾಯತನದಿರಬಹುದು, ಜೋಳ ಕಿತ್ತವರು ದಲಿತ ಹೆಂಗಸರು, ಗಂಜಿನಲ್ಲಿ ಚೀಲ ಹೊತ್ತವನು ಮುಸ್ಲಿಂ ಹಮಾಲ, ಗಿರಣಿ ಇನ್ನೊಬ್ಬರದು, ಬಡಿದವಳು ಮತ್ತೊಬ್ಬಳು. ಕಮಲಾಪುರದ ಬಾಳೆಯನ್ನು ಪೇಟೆಯಲ್ಲಿ ಮಾರುವವನು ಬಾಗವಾನನಿರಬಹುದು. ಈ ಕೈಗಳ ಸರಪಳಿಗೇ ಸ್ಥಳೀಯ ಎಂದು ಹೆಸರು. ಒಂದು ಕೊಂಡಿ ಕಳಚಿದರೆ ನಷ್ಟ ಆ ಒಬ್ಬನದಷ್ಟೇ ಆಗಿ ಉಳಿಯುವುದಿಲ್ಲ. ಹಣ್ಣು ಮಾರುವವನನ್ನು ಓಡಿಸಿದರೆ ಬೆಳೆದವನ ಗೊನೆ ತೋಟದಲ್ಲೇ ಕೊಳೆಯುತ್ತದೆ.

ಇಷ್ಟು ಹೇಳಿ, ಒಂದು ನ್ಯಾಯವಾದ ಆಕ್ಷೇಪವನ್ನು ಎದುರಿಸಬೇಕು. ದಿನಗೂಲಿಯ ಮನೆಗೆ ಕೆಂಬಾಳೆ, ಗಾಣದೆಣ್ಣೆ, ಸಾವಯವ ಬೇಳೆ ಕೊಳ್ಳಿ ಎಂದು ಉಪದೇಶ ಮಾಡುವುದು ಕ್ರೂರ. ಆ ಮನೆಯ ಒಲೆ ಉರಿಯುವುದು ಪಡಿತರದ ಅಕ್ಕಿಯಿಂದ. ಸ್ಥಳೀಯ ಎಂದ ಮಾತ್ರಕ್ಕೆ ಎಲ್ಲವೂ ಶುದ್ಧವೂ ಅಲ್ಲ. ತೊಗರಿಯ ಹೊಲಕ್ಕೆ ಹೊಡೆಯುವ ಔಷಧ ಸ್ಥಳೀಯವೇ, ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೂಲಿ ಕೊಡುವ ಪದ್ಧತಿಯೂ ಸ್ಥಳೀಯವೇ. ಆದ್ದರಿಂದ ಇದನ್ನು ಒಬ್ಬೊಬ್ಬ ಗಿರಾಕಿಯ ಪುಣ್ಯಕಾರ್ಯವೆಂದು ಬಿಟ್ಟರೆ ಸಾಲದು. ಊರಿನ ದೊಡ್ಡ ಗಿರಾಕಿ ಸರ್ಕಾರ. ಶಾಲೆಯ ಬಿಸಿಯೂಟ, ಹಾಸ್ಟೆಲ್, ಅಂಗನವಾಡಿ, ಇಂದಿರಾ ಕ್ಯಾಂಟೀನು, ಆಸ್ಪತ್ರೆ. ಬಿಸಿಯೂಟದ ಯೋಜನೆ ‘ಅಕ್ಷರ ದಾಸೋಹ’ ಎಂಬ ಹೆಸರು ಹೊತ್ತು 2002ರ ಹೊತ್ತಿಗೆ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲೇ. ಆ ಅಡುಗೆಮನೆಗಳು ಜಿಲ್ಲೆಯ ತೊಗರಿಯನ್ನು, ಜೋಳವನ್ನು, ಓಣಿಯ ರೊಟ್ಟಿಯನ್ನು ನ್ಯಾಯವಾದ ಬೆಲೆಗೆ, ತಡವಿಲ್ಲದೆ ಹಣ ಕೊಟ್ಟು ಕೊಂಡರೆ ಬಡವರ ಮಗುವೂ ಜವಾರಿ ಉಣ್ಣುತ್ತದೆ, ಬೆಳೆದವನೂ ಉಳಿಯುತ್ತಾನೆ. ಮೇಳದಲ್ಲಿ ರಿಬ್ಬನ್ ಕತ್ತರಿಸುವುದಕ್ಕಿಂತ ಇದು ಕಷ್ಟದ ಕೆಲಸ. ಛಾಯಾಚಿತ್ರಕ್ಕೂ ಒದಗುವುದಿಲ್ಲ.

ಉಳಿದ ನಮಗೆ, ಅಂದರೆ ತಿಂಗಳ ಕೊನೆಗೂ ಕೈಯಲ್ಲಿ ನಾಲ್ಕು ಕಾಸು ಉಳಿಯುವವರಿಗೆ, ಮಾಡಲು ಸಾಧ್ಯವಿರುವುದು ಸಣ್ಣದು, ಆದರೆ ದಿನಾಲೂ ಮಾಡಬೇಕಾದದ್ದು. ಪೊಟ್ಟಣ ಹಿಡಿದಾಗ ಇದು ಯಾವ ಊರಿನದು ಎಂದು ಕೇಳಿದರೆ ಸಾಲದು, ಈ ಹಣದಲ್ಲಿ ಆ ಊರಿಗೆ ಎಷ್ಟು ಹೋಗುತ್ತದೆ ಎಂದೂ ಕೇಳಬೇಕು. ರೊಟ್ಟಿ ಕೊಡುವವಳಿಗೆ ವಾರದ ಬಾಕಿ ಇಡಬಾರದು. ಬುಟ್ಟಿಯವಳು ಹತ್ತಕ್ಕೆ ಎರಡು ಕಟ್ಟು ಎಂದಾಗ, ಕೊಡುವ ಶಕ್ತಿ ಇದ್ದರೆ ಹತ್ತು ಕೊಟ್ಟು ಎರಡೇ ತೆಗೆದುಕೊಳ್ಳಬೇಕು. ಬಂದ ಖರ್ಚು ಆ ಮೂರನೆಯ ಕಟ್ಟಿನಲ್ಲಿದೆ.